ನಮ್ಮತ್ತೆ ಹೆಣವಾಗಿದ್ದ ಸಿನಿಮಾ

ನಮ್ಮತ್ತೆ ದೊಡ್ಡತಾಯಮ್ಮನವರಿಗೆ ‘ಇದು ನಿಮ್ಮ ಕೈಲಾಗಲ್ಲ ಬಿಡಿ’ ಎಂದು ಯಾರೂ ಹೇಳಬಾರದು. ಹೇಳಿದರೆ ಅದನ್ನು ಮಾಡಿ ತೋರಿಸುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ನನ್ನ ಗಂಡ ಅಭಿಷೇಕ್ ಒಮ್ಮೆ ಬಾಯಿ ತಪ್ಪಿ ಹಾಗೆ ಅಂದಿದ್ದಕ್ಕೆ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಮೊಪೆಡ್ ಓಡಿಸುವುದನ್ನು ಕಲಿತರು. ಕಲಿಯುವಾಗ ನಾಲೆ ಏರಿಯ ಮೇಲಿಂದ ಸೀದಾ ಗದ್ದೆಗೆ ಇಳಿದು, ಕೆಸರು ಮೆತ್ತಿಕೊಂಡು ಎದ್ದು ಬಂದು, “ಗದ್ದೆ ಅಡ್ಡ ಬಂದ್ಬುಡ್ತು” ಅಂದರು. ಈಗ ಹಾಲಿನ ಡೇರಿಗೆ, ಹೊಳೆನರಸೀಪುರದ ಸಂತೆಗೆ, ನೆಂಟರ ಮನೆಗೆ, ಎಲ್ಲದಕ್ಕೂ ಅದೇ ಮೊಪೆಡ್. ನಮ್ಮ ಮಾವ ರಾಮಣ್ಣನವರು ಹಿಂದೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇಂಥ ನಮ್ಮತ್ತೆಯ ಕೈಲಿ ಆಗದೆ ಉಳಿದಿದ್ದ ಕೆಲಸ ಒಂದೇ ಒಂದು. ಒಡಹುಟ್ಟಿದ ತಂಗಿ ಪಾರ್ವತಮ್ಮನನ್ನು ಮನೆಗೆ ಬರಮಾಡಿಕೊಳ್ಳುವುದು.

ಜಗಳಕ್ಕೆ ಕಾರಣ ನನ್ನ ಮದುವೆ. ನಮ್ಮ ಕಡೆ ಹತ್ತಿರದವರನ್ನು ಮದುವೆಗೆ ಕರೆಯುವುದೆಂದರೆ ಮನೆ ಬಾಗಿಲಿಗೆ ಹೋಗಿ, ಕುಂಕುಮ ಇಟ್ಟು, ಪತ್ರಿಕೆಯನ್ನು ಕೈಗೇ ಕೊಟ್ಟು, ಅವರು ಕೊಟ್ಟ ಕಾಫಿ ಕುಡಿದು ಬರಬೇಕು. ನಮ್ಮತ್ತೆ ಅರಕಲಗೂಡು ತಾಲ್ಲೂಕಿನ ತಂಗಿಯ ಊರಿಗೆ ಹೋದ ದಿನ ಮನೆಗೆ ಬೀಗ. ಇನ್ನೂ ಹತ್ತಾರು ಮನೆ ಕರೆಯುವುದಿತ್ತು, ಬಿಸಿಲು ಬೇರೆ. ಪತ್ರಿಕೆಯನ್ನು ಪಕ್ಕದ ಮನೆಗೆ ಕೊಟ್ಟು ಹೊರಟುಬಂದರು. ಆ ಪಕ್ಕದ ಮನೆಯವರಿಗೂ ಪಾರ್ವತಮ್ಮನಿಗೂ ಚರಂಡಿ ನೀರಿನ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತು ಎನ್ನುವುದು ನಮ್ಮತ್ತೆಗೆ ಗೊತ್ತಿರಲಿಲ್ಲ. ಪತ್ರಿಕೆ ಅವರ ಮನೆಯ ಟಿ.ವಿ. ಮೇಲೆಯೇ ಉಳಿಯಿತು. ಮದುವೆಗೆ ತಂಗಿ ಬರಲಿಲ್ಲ.

ಮದುವೆ ಮುಗಿದ ಮೇಲೆ ನಮ್ಮತ್ತೆ ಸೀರೆ, ಅರಿಶಿನ, ಕುಂಕುಮ ಹಿಡಿದು ಓಡಿದರು. ಪಾರ್ವತಮ್ಮ ಬಾಗಿಲಲ್ಲೇ ನಿಲ್ಲಿಸಿದರಂತೆ.

“ಪಕ್ಕದ ಮನೇಗ್ ಪತ್ರಿಕೆ ಕೊಟ್ಟೋಗೋದು ಊರೋರ್ಗೆ. ನಾನ್ ಊರೋಳಾ? ನೀನ್ ಹೆಣ ಆದ್ಮೇಲೆ ಬತ್ತೀನಿ ಓಗು. ಅಲ್ಲೀಗಂಟ ನಿನ್ ಒಸ್ಲು ತುಳಿಯಲ್ಲ.”

ಅಕ್ಕನಿಗೆ ಸರಿಯಾದ ತಂಗಿ. ಅಂದಿನಿಂದ ಏಳೆಂಟು ವರ್ಷ, ಒಂದು ಫೋನಿಲ್ಲ. ನೆಂಟರ ಮನೆಯ ತಿಥಿಗಳಲ್ಲಿ ಎದುರಾದರೆ ಒಬ್ಬರು ಅಡುಗೆ ಮನೆ ಕಡೆ, ಒಬ್ಬರು ಬೀದಿ ಕಡೆ. ನಮ್ಮತ್ತೆ ಬಾಯಿ ಬಿಟ್ಟು ಹೇಳಿಕೊಳ್ಳುವವರಲ್ಲ. ಆದರೆ ಹಬ್ಬದ ದಿನ ಒಬ್ಬಟ್ಟು ತಟ್ಟುವಾಗ ಬೈಯುವುದೆಲ್ಲ ತಂಗಿಯನ್ನೇ, ಮತ್ತು ಬೈಯುತ್ತ ಬೈಯುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಗೆ ಎನ್ನೋಣವೆಂದರೆ ನಮ್ಮದು ಗ್ಯಾಸ್ ಒಲೆ. ನನಗೂ ಸಂಕಟವಾಗುತ್ತಿತ್ತು. ನಾನು ಹೊಳೆನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು; ಆ ಪತ್ರಿಕೆಯಲ್ಲಿ ಅನುಶ್ರೀ ಎಂದು ಚೆಂದವಾಗಿ ಅಚ್ಚಾದ ನನ್ನ ಹೆಸರೇ ಇಬ್ಬರು ಹೆಂಗಸರ ಮಧ್ಯೆ ಗೋಡೆಯಾಗಿ ನಿಂತಿದೆಯಲ್ಲ ಎಂದು.

ಹೀಗಿರುವಾಗ ನಮ್ಮೂರಿಗೆ ಪಿಟೀಲು ಸೋಮು ಬಂದ.

ಪಿಟೀಲು ಸೋಮು ಯಾರೆಂದು ಟಿ.ವಿ. ಇರುವ ಮನೆಗೆ ಹೇಳಬೇಕಾಗಿಲ್ಲ. ಶನಿವಾರ, ಭಾನುವಾರ ಅವನ ನಗೆ ಕಾರ್ಯಕ್ರಮ ಶುರುವಾದರೆ ನಮ್ಮೂರಲ್ಲಿ ಎಮ್ಮೆಗಳಿಗೂ ತಡವಾಗಿ ಹುಲ್ಲು ಬೀಳುತ್ತಿತ್ತು. ಅವನು ಮಾತಾಡುವುದೇ ಬೇಡ, ಹುಬ್ಬು ಮೇಲೆತ್ತಿ ನಿಂತರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಅಂಥವನು ಇದ್ದಬದ್ದದ್ದನ್ನು ಕೂಡಿಸಿ, ಸ್ನೇಹಿತರನ್ನು ಕಾಡಿ, ತಾನೇ ಡೈರೆಕ್ಟರು ತಾನೇ ಹೀರೋ ಆಗಿ ಮೊದಲನೇ ಸಿನಿಮಾ ಮಾಡಲು ಹೊರಟಿದ್ದ. ಹೆಸರು ‘ಅವ್ವನ ಅಡ್ರೆಸ್ಸು’. ಊರು ಬಿಟ್ಟು ಹೋಗಿದ್ದ ಮಗ ಅವ್ವ ಸತ್ತಾಗ ಬರುತ್ತಾನೆ, ಅವಳು ಹೇಗೆ ಬದುಕಿದ್ದಳೆಂದು ಮನೆ ಮನೆ ತಿರುಗಿ ಕೇಳುತ್ತಾನೆ. ಕಥೆ ಇಷ್ಟೇ. ನಗಿಸುವುದು ಸಾಕಾಗಿದೆ, ಒಂದು ಸಲ ಜನರನ್ನು ಅಳಿಸಬೇಕು ಎನ್ನುವುದು ಅವನ ಆಸೆ.

ಕ್ಯಾಮೆರಾ ಒಂದು, ಕೊಡೆ ಎರಡು, ಊಟ ನಮ್ಮ ಮನೆಯದು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಹತ್ತಿರ ಹಾಡು ತೆಗೆದು, ಉಳಿದಿದ್ದನ್ನು ನಮ್ಮೂರಲ್ಲಿ ಮುಗಿಸುವುದೆಂದು ಲೆಕ್ಕ. ಅವ್ವನ ಪಾತ್ರ ಸಿನಿಮಾದಲ್ಲಿ ಶುರುವಾಗುವುದೇ ಹೆಣವಾಗಿ. ಬೆಂಗಳೂರಿನಿಂದ ಬರಬೇಕಿದ್ದ ಹಿರಿಯ ಕಲಾವಿದೆ, ಹಣೆಗೆ ಕಾಸು ಅಂಟಿಸಿ ಕಾಲ್ಬೆರಳು ಕಟ್ಟಿ ಮಲಗಿಸುತ್ತಾರೆ ಎಂದು ತಿಳಿದಿದ್ದೇ ಫೋನ್ ಆಫ್ ಮಾಡಿಕೊಂಡರು. ಸೋಮು ನಮ್ಮೂರ ಹೆಂಗಸರನ್ನು ಕೇಳಿದ. “ಬಿಡ್ತು ಅನ್ನಪ್ಪಾ” ಎಂದು ಒಬ್ಬೊಬ್ಬರೂ ಜಾಗ ಖಾಲಿ ಮಾಡಿದರು. ಕೊನೆಗೆ ಅವನು ತಲೆ ಮೇಲೆ ಕೈಹೊತ್ತು, “ಈ ಊರಲ್ಲಿ ಯಾರ ಕೈಲೂ ಆಗಲ್ಲ, ಬೊಂಬೆ ತರಿಸ್ತೀನಿ” ಅಂದ.

ಆ ಮಾತು ನಮ್ಮತ್ತೆಯ ಕಿವಿಗೆ ಬಿತ್ತು.

“ಎಲ್ ಮಲೀಕಬೇಕು ತೋರ್ಸಪ್ಪಾ” ಅಂದರು.

ಮಾವ ಕುಡಿಯುತ್ತಿದ್ದ ಟೀ ಚೆಲ್ಲಿಕೊಂಡರು. “ಲೇ, ತಲೆ ನೆಟ್ಟಗೈತಾ? ಗಂಡ ಬದುಕಿವ್ನಿ, ನನ್ ಕಣ್ ಮುಂದೆ ಹೆಣದಂಗೆ ಮಲೀಕತ್ತೀಯಾ?”

“ನಿಮ್ಗೇನ್ ಕಷ್ಟ? ಮುತ್ತೈದೆ ಸಾವು ಕೊಡವ್ವಾ ಅಂತ ವರ್ಸಾ ವರ್ಸಾ ಗೌರಮ್ಮನ್ನ ಕೇಳ್ಕತ್ತಿದ್ದೆ. ಇವತ್ತು ಪುಕ್ಸಟ್ಟೆ ಸಿಕ್ಕೈತೆ.”

ಅಸಲು ಕಾರಣವನ್ನು ಅಡುಗೆ ಮನೆಗೆ ಬಂದು ನನಗೊಬ್ಬಳಿಗೇ ಹೇಳಿದರು. “ಅನು, ‘ನೀನ್ ಹೆಣ ಆದ್ಮೇಲೆ ಬತ್ತೀನಿ’ ಅಂದೌಳೆ ಪಾರ್ವತಿ. ಆಯ್ತೀನಿ. ಮೂರ್ ತಾಲ್ಲೂಕು ನೋಡಂಗೆ ಆಯ್ತೀನಿ. ಆಮೇಲೂ ಬರ್ದೆ ಓದ್ರೆ ಮಾತ್ಗೆ ತಪ್ಪಿದೋಳು ಅವ್ಳು, ನಾನಲ್ಲ.”

ಈ ವಾದದಲ್ಲಿ ಎಲ್ಲಾದರೂ ತೂತು ಇದೆಯೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಸಿಗಲಿಲ್ಲ.

ಜಗಲಿಯ ಮೇಲೆ ತೆಂಕಲಿಗೆ ತಲೆ ಮಾಡಿ ಮಲಗಿಸಿದರು. ಮುಖಕ್ಕೆ ಅರಿಶಿನ, ಹಣೆಗೆ ಕಾಸು, ಗಲ್ಲಕ್ಕೆ ಬಟ್ಟೆ. ಸೋಮು ಎದೆಯ ಮೇಲೆ ಬಿದ್ದು ಅತ್ತ. ಮೋಡ ಬಂತೆಂದು ಮತ್ತೆ ಅತ್ತ, ಕೋಳಿ ಕೂಗಿತೆಂದು ಮತ್ತೊಮ್ಮೆ ಅತ್ತ. ನಮ್ಮತ್ತೆ ಕಮಕ್ ಕಿಮಕ್ ಎನ್ನಲಿಲ್ಲ. ನೊಣ ತುಟಿಯ ಮೇಲೆ ಕೂತು ಎದ್ದು ಹೋಯಿತು. ನೋಡಲು ನೆರೆದಿದ್ದ ಹೆಂಗಸರಲ್ಲಿ ಮಲ್ಲಿಗಮ್ಮ ಎಂಬ ನಮ್ಮ ಪಕ್ಕದ ಮನೆಯಾಕೆ ನಿಜವಾಗಿಯೂ ಗೊಳೋ ಎಂದಳು. ಮಾವ ಕೊಟ್ಟಿಗೆಗೆ ಹೋದವರು ಶೂಟಿಂಗ್ ಮುಗಿಯುವ ತನಕ ಹೊರಗೆ ಬರಲಿಲ್ಲ. ಸಂಜೆ ನಮ್ಮತ್ತೆ ಎದ್ದು ತಲೆಗೆ ನೀರು ಹಾಕಿಕೊಂಡು ಮಾವನಿಗೆ ಮುದ್ದೆ ಬಡಿಸಿದಾಗ, ಅವರು ಎಂದೂ ಇಲ್ಲದೆ “ನೀನೂ ಕುಂತ್ಕಳೇ” ಅಂದರು. ಇಬ್ಬರೂ ಒಟ್ಟಿಗೆ ಉಂಡರು.

ಸಿನಿಮಾ ಬಿಡುಗಡೆಯಾಗಲು ಒಂದು ವರ್ಷ ಹಿಡಿಯಿತು. ನಮ್ಮ ಜಿಲ್ಲೆಯಲ್ಲಿ ಎರಡೇ ಕಡೆ, ಹಾಸನದಲ್ಲೊಂದು ಥಿಯೇಟರು, ಚನ್ನರಾಯಪಟ್ಟಣದಲ್ಲೊಂದು. ಶುಕ್ರವಾರವೇ ನಾವು ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ನಮ್ಮತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಸತ್ತವರು ಹೇಗಿದ್ದಾರೆಂದು ಜನ ಎದುರಿಗೇ ನೋಡಲಿ ಎಂದು.

ಹಾಲ್ ಮುಕ್ಕಾಲು ತುಂಬಿತ್ತು. ಪಿಟೀಲು ಸೋಮು ಎಂದರೆ ಸುಮ್ಮನೆಯೇ? ಆದರೆ ನಗಲೆಂದು ಬಂದ ಜನ ಅರ್ಧ ಗಂಟೆ ಕಾದರು, ನಗು ಬರಲಿಲ್ಲ. ಹಳ್ಳಿಯ ಮನೆಯ ಗೋಡೆಯ ಮೇಲೆ ಮೈಕಿನ ನೆರಳು ಓಡಾಡುತ್ತಿತ್ತು. ಎಲ್ಲ ಮನೆಗಳಲ್ಲೂ ಒಂದೇ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದು ನಮ್ಮದೇ. ಮನೆ ಮನೆ ತಿರುಗಿ ಬಂದ ಸೋಮು ಕೊನೆಗೆ ಅವ್ವನ ಹೆಣದ ಮೇಲೆ ಬಿದ್ದು ಹುಬ್ಬೆತ್ತಿ ಅಳಲು ಶುರು ಮಾಡಿದನಲ್ಲ, ಇಡೀ ಹಾಲ್ ಹೋ ಎಂದು ನಕ್ಕಿತು. ಪಾಪ, ಅವನ ಮುಖ ಮಾಡಿದ್ದ ಅಭ್ಯಾಸ ಅದು. ನಮ್ಮತ್ತೆ ಸೀಟಿನಿಂದ ಎದ್ದು ನಿಂತರು.

“ಅವ್ವ ಸತ್ತೋಗವ್ಳೆ ಕಣ್ರಲಾ! ಏನ್ ಕಿಸೀತೀರಾ?”

ಹಿಂದಿನ ಸಾಲಿನವರು ಇನ್ನೂ ಜೋರಾಗಿ ನಕ್ಕರು. ನಾನು ಸೆರಗು ಹಿಡಿದು ಕೂರಿಸಿದೆ.

ಹೊರಗೆ ಬಂದರೆ ಯೂಟ್ಯೂಬ್ ಚಾನೆಲ್ಲಿನ ಹುಡುಗಿ ಭಾನುಪ್ರಿಯಾ ಮೈಕು ಹಿಡಿದು ನಿಂತಿದ್ದಳು. ಸಿನಿಮಾ ಹೇಗಿತ್ತು ಎಂದು ಸಿಕ್ಕ ಸಿಕ್ಕವರನ್ನು ಕೇಳುತ್ತಿದ್ದಳು.

“ಟೀವೀಲಿ ಪುಕ್ಸಟ್ಟೆ ನಗಿಸ್ತಾನೆ, ಇಲ್ಲಿ ದುಡ್ ಇಸ್ಕಂಡು ಅಳಿಸ್ತೀನಿ ಅಂತಾನೆ. ಅಳೂನೂ ಬರ್ಲಿಲ್ಲ ಬಿಡಿ ಮೇಡಂ” ಎಂದ ಒಬ್ಬ. ಕಾಲೇಜು ಹುಡುಗಿಯೊಬ್ಬಳು, “ಕಾನ್ಸೆಪ್ಟ್ ಚೆನ್ನಾಗಿದೆ, ಆದ್ರೆ ಸೋಮು ಸರ್ ಸೀರಿಯಸ್ಸಾಗಿ ಮಾತಾಡಿದ್ರೆ ನಂಬೋಕಾಗಲ್ಲ” ಎಂದಳು. ಫಸ್ಟ್ ಹಾಫ್ ನಿದ್ದೆ, ಸೆಕೆಂಡ್ ಹಾಫ್ ಗೊರಕೆ ಎಂದ ಇನ್ನೊಬ್ಬ. ಆ ಕುರ್ಚಿಗೆ ಅವಾರ್ಡ್ ಕೊಡಬೇಕು ಎಂದವನೂ ಇದ್ದ. ಆಮೇಲೆ ಬಂದ ದಪ್ಪಗಿನ ಗಂಡಸು ಗಂಭೀರವಾಗಿ ಹೇಳಿದ: “ಇಡೀ ಪಿಚ್ಚರ್‌ನಲ್ಲಿ ಚೆನ್ನಾಗ್ ಆಕ್ಟ್ ಮಾಡಿರೋದು ಒಂದೇ. ಹೆಣ. ಏನ್ ನ್ಯಾಚುರಲ್ ಸಾ ಅದು!”

ನಮ್ಮತ್ತೆಯನ್ನು ಹಿಡಿಯುವವರು ಯಾರು? ಜನರನ್ನು ಸರಿಸಿಕೊಂಡು ಹೋಗಿ ಮೈಕನ್ನೇ ಕಿತ್ತುಕೊಂಡರು.

“ಆ ಹೆಣ ನಾನೇ ಕಣವ್ವಾ!”

ಸುತ್ತ ಜನ ಮುಕುರಿದರು. ಒಬ್ಬಳು ಕಾಲಿಗೆ ಬಿದ್ದಳು, ಮೂವರು ಸೆಲ್ಫಿ ತೆಗೆದುಕೊಂಡರು. ಭಾನುಪ್ರಿಯಾ, “ಅಮ್ಮಾ, ನಿಮ್ಮ ಪ್ರಕಾರ ಸಿನಿಮಾ ಹೇಗಿದೆ?” ಎಂದು ಕೇಳಿದಳು.

“ನಿಧಾನಕ್ಕ್ ಓಯ್ತದೆ. ನಿಜಾನೇ. ನಮ್ ಕುರ್ಚಿನೂ ಜಾಸ್ತಿ ಆಯ್ತು. ಆದ್ರೆ ಆ ಸೋಮು ಸುಳ್ಸುಳ್ಳೇ ಅತ್ತಿಲ್ಲ, ನನ್ ಸೆರಗು ನೆಂದೋಗಿತ್ತು. ನೋಡ್ರಪ್ಪಾ, ನೀವು ಏನಾರ ಬೈಯ್ಕಳಿ, ಬ್ಯಾಡ ಅನ್ನಲ್ಲ. ಒಂದ್ ವಾರ ಮಾತ್ರ ಓಡೋಕ್ ಬುಡಿ. ನನ್ ತಂಗಿ ಇನ್ನೂ ನೋಡಿಲ್ಲ.”

ಒಂದು ವಾರ ಎಲ್ಲಿಯದು. ಹಾಸನದಲ್ಲಿ ಸೋಮವಾರವೇ ಪೋಸ್ಟರ್ ಬದಲಾಯಿತು. ಚನ್ನರಾಯಪಟ್ಟಣದಲ್ಲಿ ಬೆಳಗಿನ ಆಟ ಮಾತ್ರ, ಅದೂ ಗುರುವಾರದ ತನಕ ಎಂದು ಗೊತ್ತಾಯಿತು. ನಾನು ಪಾರ್ವತಮ್ಮನ ಮಗ ಕುಮಾರನಿಗೆ ಫೋನ್ ಮಾಡಿದೆ. ಹಾಲಿನ ಟೆಂಪೊ ಓಡಿಸುವ ಅವನು, ತಾಯಿಗೆ ಗೊತ್ತಾಗದಂತೆ ನಮ್ಮ ಜೊತೆ ಮಾತಾಡುತ್ತಾನೆ.

“ಏಳಿ ನೋಡ್ದೆ ಅತ್ಗೆ” ಅಂದ ಕುಮಾರ. “ಸಿನಿಮಾಕ್ ಓಗಾನ ಬಾರವ್ವ, ಪಿಟೀಲು ಸೋಮುದು ಅಂದೆ. ‘ನೋಡ್ದೋರೆಲ್ಲ ಉಗೀತಾವ್ರೆ, ನಾನ್ಯಾಕ್ ಓಗ್ಲಿ’ ಅಂತದೆ. ದೊಡ್ಡವ್ವ ಅದ್ರಲ್ಲಿ ಹೆಣ ಆಗೈತೆ ಅಂತ ಏಳೋಕೆ ನಂಗ್ ಬಾಯಿ ಬರ್ಲಿಲ್ಲ.”

ಇದನ್ನು ನಮ್ಮತ್ತೆಗೆ ಹೇಳಿದೆ. ಅವರ ಸಿಟ್ಟೆಲ್ಲ ಸಿನಿಮಾ ನೋಡಿ ಬೈದವರ ಮೇಲೆ ತಿರುಗಿತು. ಮೊಪೆಡ್ ತೆಗೆದರು. ಡೇರಿಯಲ್ಲಿ, ಸೊಸೈಟಿಯಲ್ಲಿ, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ, ಚನ್ನರಾಯಪಟ್ಟಣಕ್ಕೆ ಹೋಗಿ ಸಿನಿಮಾ ನೋಡಿ ಎಂದು ಪ್ರಚಾರ ಮಾಡಿದರು. ಜನ ಸೀಟು ತುಂಬಿದರೆ ಆಟ ನಿಲ್ಲುವುದಿಲ್ಲ ಎನ್ನುವುದು ಅವರ ಧೈರ್ಯ. ಅಂಗಡಿ ಮಂಚಯ್ಯ, “ಚೆನ್ನಾಗಿಲ್ವಂತಲ್ಲ ದೊಡ್ಡತಾಯಕ್ಕ” ಅಂದ.

“ಯಾವನ್ಲಾ ಅಂದೋನು? ನಿನ್ ಅಂಗ್ಡಿ ಬೆಲ್ಲದಲ್ಲಿ ಮಳ್ಳು ಇರ್ತದೆ, ನಾವ್ ಊರಿಗೆಲ್ಲ ಸಾರ್ಕಂಡು ಬಂದೀವಾ?”

ಮಂಚಯ್ಯ ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋಗಿ ಸಿನಿಮಾ ನೋಡಿ ಬಂದ. ಅಭಿಪ್ರಾಯ ಕೇಳಿದ್ದಕ್ಕೆ, ಬಸ್ಸಿನಲ್ಲಿ ಸೀಟು ಸಿಕ್ಕಿತು ಎಂದಷ್ಟೇ ಹೇಳಿದ.

ಬುಧವಾರ ಸೋಮುವೇ ಫೋನ್ ಮಾಡಿದ. ದನಿ ಬಿದ್ದು ಹೋಗಿತ್ತು. “ಅವ್ವಾ, ಎಲ್ಲಾರೂ ನಂಗೆ ಉಗೀತಾವ್ರೆ. ನಿಮ್ಮೊಬ್ಬರನ್ನೇ ಹೊಗಳೋದು. ನಾನು ಸಿನಿಮಾ ಮಾಡ್ಬಾರ್ದಾಗಿತ್ತೇನೋ.”

“ಯಾಕ್ ಮಾಡ್ಬಾರ್ದು? ನಿನ್ ಮಕ ನಗ್ಸೋಕ್ ಉಟ್ಟೈತೆ, ಅದ್ರಲ್ಲಿ ನಾಚ್ಕೆ ಏನೈತೆ? ಇನ್ನೊಂದ್ ಮಾಡು. ಅಳೋ ಕೆಲ್ಸ ಬ್ಯಾರೆಯೋರ್ಗ್ ಬುಡು, ನೀನ್ ಪಕ್ಕದಲ್ ಸುಮ್ನೆ ನಿಂತ್ಕೊ. ಆಗ ಜನ ಅತ್ತೇ ಅಳ್ತಾರೆ. ಈಗ ಇದನ್ನ ನಾಲ್ಕ್ ದಿನ ಎಳಿ ಮಗಾ, ನಿನ್ ಕಾಲ್ ಇಡ್ಕತ್ತೀನಿ.”

ಅವನ ಕೈಲಿ ಏನೂ ಇರಲಿಲ್ಲ. ಗುರುವಾರ ಬಂದೇ ಬಂತು.

ಅವತ್ತು ನಾನು ಮಧ್ಯಾಹ್ನವೇ ಶಾಲೆಯಿಂದ ಬಂದಾಗ ನಮ್ಮತ್ತೆ ಜಗಲಿಯ ಮೇಲೆ ಕೈಕಾಲು ಇಳಿಬಿಟ್ಟು ಕೂತಿದ್ದರು. ಮೊಪೆಡ್ ಮುಟ್ಟಿರಲಿಲ್ಲ. ಊಟ ಮಾಡಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಮುಖ ಹಾಗೆ ಜೋತುಬಿದ್ದಿದ್ದನ್ನು ನಾನು ನೋಡಿದ್ದೇ ಇಲ್ಲ.

“ಇವತ್ತೇ ಕಡೆ ಅಂತೆ. ಮುಗ್ದಿರ್ತದೆ ಈ ಒತ್ಗೆ” ಅಂದರು. “ನಾನ್ ಸತ್ತಿದ್ದೂ ದಂಡ ಆಯ್ತಲ್ಲ ಅನು.”

ನನಗೆ ಅಳು ಬಂತು. ತಟ್ಟೆಗೆ ಊಟ ಹಾಕಿ ತರೋಣವೆಂದು ಒಳಗೆ ಹೊರಡುವಷ್ಟರಲ್ಲಿ ರಸ್ತೆಯಲ್ಲಿ ಅರಕಲಗೂಡಿಗೆ ಹೋಗುವ ಬಸ್ಸು ನಿಂತ ಸದ್ದಾಯಿತು. ಕೈಯಲ್ಲೊಂದು ಬ್ಯಾಗು, ತಲೆಯ ಮೇಲೆ ಬಿಸಿಲಿಗೆ ಸೆರಗು, ಒಬ್ಬ ಹೆಂಗಸು ನಮ್ಮ ಮನೆಯ ಕಡೆಗೇ ದಡದಡ ನಡೆದು ಬಂದರು. ನಡಿಗೆ ನೋಡಿದ ಕೂಡಲೇ ಯಾರೆಂದು ನನಗೆ ತಿಳಿಯಿತು, ಏಕೆಂದರೆ ಅದು ನಮ್ಮತ್ತೆಯ ನಡಿಗೆ.

ಪಾರ್ವತಮ್ಮ ಅಂಗಳದಲ್ಲೇ ನಿಂತರು. ನಮ್ಮತ್ತೆ ಎದ್ದು ನಿಂತರು, ಆದರೆ ಜಗಲಿ ಇಳಿಯಲಿಲ್ಲ. ನಾನು ಬಾಗಿಲ ಪಕ್ಕಕ್ಕೆ ಸರಿದೆ.

“ಸಿನಿಮಾ ನೋಡ್ದೆ” ಅಂದರು ಪಾರ್ವತಮ್ಮ.

“ಯಾರ್ ಜೊತೇಲಿ?”

“ಒಬ್ಳೇ. ಕುಮಾರನ ಫೋನ್ನಲ್ಲಿ ನೀನು ಮೈಕ್ ಇಡ್ಕಂಡು ಅರಚೋದ್ನ ನೆನ್ನೆ ನಮ್ ಬೀದಿಯೋರೆಲ್ಲ ನೋಡುದ್ರು. ನಿಮ್ಮಕ್ಕನ ಹೆಣ ಸೂಪರ್ರಾಗೈತಂತೆ ಅಂತ ಒಬ್ಬೊಬ್ರೂ ಬಂದ್ ನಂಗ್ ಏಳೋದು. ಮೈಯೆಲ್ಲ ಉರ್ದೋಯ್ತು. ಬೆಳಗ್ಗೆ ಎದ್ದು ಚನ್ನರಾಯಪಟ್ಣಕ್ ಓದೆ.”

ನಮ್ಮತ್ತೆಯ ಬೆನ್ನು ನೆಟ್ಟಗಾಯಿತು. “ಎಂಗೈತೆ?”

“ದರಿದ್ರವಾಗೈತೆ.”

“ಅದ್ ಬುಡು. ನಾನು?”

“ನೀನಾ? ನೀನೂ ಚೆನ್ನಾಗ್ ಮಾಡಿಲ್ಲ.”

ಇದನ್ನು ನಮ್ಮತ್ತೆ ನಿರೀಕ್ಷಿಸಿರಲಿಲ್ಲ. “ಆಸ್ನದ ಜನ ಎಲ್ಲಾ ಒಪ್ಕಂಡವ್ರೆ ಕಣೇ! ಕಾಲಿಗ್ ಬಿದ್ದವ್ರೆ!”

“ಅವ್ರ್ಗೇನ್ ಗೊತ್ತು? ಅವ್ರು ಸೋಮುನ ನೋಡೋಕ್ ಓಗಿದ್ದೋರು. ನಾನು ಬ್ಯಾರೆ ಏನೂ ನೋಡ್ಲಿಲ್ಲ. ಅವ್ನು ಅಳೋವಷ್ಟೊತ್ತೂ ನಿನ್ ಹೊಟ್ಟೆನೇ ನೋಡ್ತಾ ಕುಂತಿದ್ದೆ.” ಪಾರ್ವತಮ್ಮ ಬ್ಯಾಗು ಕೆಳಗಿಟ್ಟರು. “ಅಲ್ಲಾಡ್ತು. ಸೀರೆ ಒಳಗೆ ಒಂಚೂರು, ಇಷ್ಟೇ ಇಷ್ಟು, ಮೇಲೆದ್ದು ಇಳೀತು. ಉಸ್ರಾಡ್ತಾವ್ಳೆ ಅಂತ ಜೋರಾಗ್ ಕೂಗ್ಬುಟ್ಟೆ. ಮುಂದ್ಗಡೆ ಕುಂತಿದ್ದೋರು ತಿರುಗಿ ನೋಡುದ್ರು.”

ನಮ್ಮತ್ತೆ ತಮ್ಮ ಹೊಟ್ಟೆಯನ್ನೇ ಬಗ್ಗಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

“ಅಂಗಾರೆ ನಾನ್ ಹೆಣ ಆಗ್ನಿಲ್ಲ ಅನ್ನು.”

“ಆಗ್ನಿಲ್ಲ.”

“ಮತ್ತೆ ಯಾಕ್ ಬಂದೆ? ನಿನ್ ಮಾತು ಸುಳ್ಳಾಯ್ತಲ್ಲೇ ಪಾರ್ವತಿ.”

“ಆಗ್ಲಿ” ಅಂದರು ಪಾರ್ವತಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಸುಳ್ಳಾಗ್ಲಿ ಅಂತ್ಲೇ ಬಸ್ ಇಳ್ದೆ ಕಣಕ್ಕಾ.”

ಚಪ್ಪಲಿ ಕಳಚಿದರು, ಜಗಲಿ ಹತ್ತಿದರು, ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತುಬಿಟ್ಟರು.